ಅಲ್ಲಾಡದೆ ನಿಂತವಳು

ಮಾರ್ಚ್ ೯, ಭಾನುವಾರ

ಮಗಳೇ,

ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯ ಅಂದುಕೊಳ್ಳುತ್ತೇನೆ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಪುರುಸೊತ್ತು ಬೇಕಾದಷ್ಟಿತ್ತು. ನಿನ್ನ ಮೇಲಿನ ಸಿಟ್ಟು ಇಳಿಯಲಿ ಅಂತ ಕಾದೆ. ಇಳಿಯಲಿಲ್ಲ, ಹಾಗೇ ಬರೆಯುತ್ತಿದ್ದೇನೆ.

ನೀನು ತಂಡ ಕಟ್ಟಿಕೊಂಡು ಬಂದು ನಮ್ಮ ಬೀದಿಯ ನೆಲ ಪರೀಕ್ಷೆ ಮಾಡಿ ಹೋದಮೇಲೆ ಇಲ್ಲಿ ಯಾರ ಮುಖದಲ್ಲೂ ಕಳೆಯಿಲ್ಲ. ಕೆಳಗೆ ಹಳೆಯ ಗಣಿಯ ಪೊಳ್ಳಿದೆ, ಮನೆಗಳನ್ನು ಖಾಲಿ ಮಾಡಿಸಬೇಕು ಎಂದು ವರದಿ ಕೊಟ್ಟೆಯಲ್ಲ, ಅದರ ಫಲ. ಎದುರುಮನೆ ದರ್ಜಿ ನನ್ನ ಬಟ್ಟೆಯನ್ನು ಹೊಲಿಯದೆ ವಾಪಸು ಕೊಟ್ಟ. "ನಿಮ್ಮ ಮಗಳಿಗೆ ಅಳತೆ ಚೆನ್ನಾಗಿ ಬರುತ್ತಲ್ಲ, ಅವಳ ಹತ್ರಾನೇ ಹೊಲಿಸ್ಕೊಳ್ಳಿ" ಅಂದ. ತನ್ನ ಕಾಲುಚೀಲ ಎಲ್ಲಿದೆ ಅಂತ ಹುಡುಕಲಾರದವಳು ನೆಲದಡಿಯ ಪೊಳ್ಳು ಹುಡುಕಿದಳು ಅಂತ ನನಗೂ ನಗು ಬಂತು.

ನೀನು ಭೂಭೌತಶಾಸ್ತ್ರ ಓದುತ್ತೇನೆ ಅಂದಾಗ ನಿನ್ನ ಚಿಕ್ಕಪ್ಪ ಆಡಿಕೊಂಡಿದ್ದು ನೆನಪಿದೆಯಾ? "ಹೆಣ್ಣುಮಗು ಸುತ್ತಿಗೆ ಹಿಡ್ಕೊಂಡು ನೆಲ ಬಡೀತಾ ಊರೂರು ತಿರುಗೋದು ಒಂದು ಕೆಲಸಾನಾ?" ಅವನ ಮೂತಿಗೆ ಹೊಡೆದ ಹಾಗೆ ಹೇಳಿದವಳು ನಾನು: "ನನ್ನ ಮಗಳು ಭೂಮಿ ನಾಡಿ ನೋಡೋ ಡಾಕ್ಟರಾಗ್ತಾಳೆ, ನೋಡ್ತಾ ಇರು." ಆ ಮಾತನ್ನು ನೀನು ಉಳಿಸಿದೆ. ನಿನ್ನ ವಿದ್ಯೆಯ ಬಗ್ಗೆ ನನ್ನದೇನೂ ತಕರಾರಿಲ್ಲ.

ಆ ದಿನ ಬೀದಿಯುದ್ದಕ್ಕೂ ಚೂಪು ಕಾಲಿನ ಪುಟ್ಟ ಡಬ್ಬಿಗಳನ್ನು ಊರಿ ತಂತಿ ಎಳೆದಿದ್ದಿರಿ. ಕಬ್ಬಿಣದ ಹಲಗೆಗೆ ಸುತ್ತಿಗೆ ಬೀಳುವಾಗ ಯಾರೂ ಹೆಜ್ಜೆ ಎತ್ತಬಾರದು, ಹೆಜ್ಜೆ ಸದ್ದೂ ಡಬ್ಬಿಗೆ ತಿಳಿದು ಲೆಕ್ಕ ಕೆಡುತ್ತದಂತೆ. ನನಗೇನು ಗೊತ್ತು? ವರ್ಷಗಳ ಮೇಲೆ ನಿನ್ನನ್ನು ಕಂಡ ಸಡಗರದಲ್ಲಿ ಕೈ ಚಾಚಿಕೊಂಡು ಬಂದೆ. ನೀನು ಅಂಗೈ ಅಡ್ಡ ಹಿಡಿದು, "ಅಲ್ಲಾಡಬೇಡಿ, ಅಲ್ಲೇ ನಿಲ್ಲಿ" ಅಂದೆ. ನಿಂತೆ. ಏಟಿನ ಮೇಲೆ ಏಟು ಬಿತ್ತು, ನನ್ನ ಕಾಲು ಜೋಮು ಹಿಡಿಯಿತು. ಆಮೇಲೆ ನೀವೆಲ್ಲ ತಂತಿ ಸುತ್ತಿಕೊಂಡು ಜೀಪು ಹತ್ತಿದಿರಿ. ಇನ್ನು ಕದಲಬಹುದು ಅಂತ ನನಗೆ ಯಾರೂ ಹೇಳಲಿಲ್ಲ.

ಸ್ವಂತದವರ ಮನೆಯಿರುವ ಕಡೆ ಪರೀಕ್ಷೆ ಮಾಡಬಾರದು ಎನ್ನುವುದು ನಿಮ್ಮ ಕಚೇರಿಯ ನಿಯಮ, ಸಂಬಂಧ ಬಯಲಾದರೆ ಕೆಲಸ ಹೋಗುತ್ತದೆ ಎಂದು ಬರೆದಿದ್ದೀಯ. ಬೇರೆಯವರಾದರೆ ಮೇಲೆ ಮೇಲೆ ನೋಡಿ ಹೋಗುತ್ತಾರೆ, ಅಮ್ಮನ ಮನೆ ಇರುವುದರಿಂದಲೇ, ಅಲ್ಲಿ ನನ್ನವರು ಯಾರೂ ಇಲ್ಲ ಅಂತ ಸುಳ್ಳು ಹೇಳಿ ಬಂದೆ, ಸಾಹೇಬರು ವಿಚಾರಿಸಿದರೆ ಬಾಯಿ ಬಿಡಬೇಡ ಎಂದೂ ಬೇಡಿಕೊಂಡಿದ್ದೀಯ. ನಂಬುತ್ತೇನೆ. ನಿನ್ನ ಲೆಕ್ಕವನ್ನೂ ನಂಬುತ್ತೇನೆ. ಅಡುಗೆಮನೆ ಗೋಡೆಯ ಬಿರುಕಿನಲ್ಲಿ ಈಗ ನನ್ನ ಬೆರಳು ಹಿಡಿಸುತ್ತದೆ, ಕೈಜಾರಿದ ಈರುಳ್ಳಿ ತಾನೇ ಉರುಳಿ ಆ ಮೂಲೆ ಸೇರುತ್ತದೆ.

ತಣ್ಣಗಿರು, ನೂರು ಕಾಲ ಬಾಳು. ತಾಯಿ ಬಾಯಲ್ಲಿ ಬೇರೇನು ಬಂದೀತು?

ನಿನ್ನ ಅಮ್ಮ

ಮರೆತಿದ್ದೆ: ಶುಕ್ರವಾರ ನಿನ್ನ ಸಾಹೇಬರು ಬಂದಿದ್ದರು. ಒಳ್ಳೆಯ ಮನುಷ್ಯ, ಚಹಾ ಕುಡಿದರು. ಅವತ್ತು ಜೀಪಿನ ಹತ್ತಿರ ಅವರು, "ಆ ಹೆಂಗಸು ಯಾರಮ್ಮ, ಇನ್ನೂ ನಿಂತೇ ಇದಾರಲ್ಲ?" ಅಂತ ಕೇಳಿದ್ದರು. "ಗೊತ್ತಿಲ್ಲ ಸರ್, ಯಾರೋ ಬೀದಿಯವರು" ಅಂತ ನೀನು ನಕ್ಕೆ. ನನ್ನ ಕಿವಿ ಇನ್ನೂ ಚುರುಕಾಗಿದೆ. ಅದಕ್ಕೇ ಅವರನ್ನು ಕೂರಿಸಿಕೊಂಡು, ನಿನ್ನ ತೊಟ್ಟಿಲ ಫೋಟೋದಿಂದ ಹಿಡಿದು ಎಲ್ಲಾ ತೋರಿಸಿ, ನಾನು ಯಾರು ಅಂತ ತಿಳಿಸಿದೆ. ನಿನ್ನ ವರದಿ ರದ್ದು, ಕೆಲಸವೂ ಉಳಿಯಲಿಕ್ಕಿಲ್ಲ ಅಂದರು. ಹೊಸ ಪರೀಕ್ಷೆ ಯಾವಾಗಲೋ, ಅಲ್ಲಿಯವರೆಗೆ ಯಾರೂ ಮನೆ ಬಿಡಬೇಕಿಲ್ಲ. ದರ್ಜಿ ತಾನೇ ಬಂದು ಬಟ್ಟೆ ಇಸಕೊಂಡು ಹೋದ. ಮನೆ ಬಿಟ್ಟು ಬಾ ಅಂತ ಇನ್ನು ಕಾಗದ ಬರೆಯಬೇಡ, ನಾನು ಬರುವುದಿಲ್ಲ. ಅಲ್ಲೇ ನಿಲ್ಲಿ ಅಂದವಳು ನೀನೇ.