ಮಗಳ ಅರ್ಜಿಗೆ ತಿರುಗದ ದೂರದರ್ಶಕ

ಶುಕ್ರವಾರ, ಊಟದ ಹೊತ್ತು

ಅಮ್ಮಾ,

ಕ್ಷೇಮ ಸಮಾಚಾರ ಕೇಳುವಷ್ಟು ತಾಳ್ಮೆ ನನಗಿಲ್ಲ. ನೀನು ಚೆನ್ನಾಗಿಯೇ ಇದ್ದೀಯ ಅಂತ ಅಪ್ಪ ಹೇಳಿದರು. ಸಿಟ್ಟು ಇಳಿದ ಮೇಲೆ ಬರಿ ಅಂತಲೂ ಹೇಳಿದರು. ಅದು ಇಳಿಯುವ ಲಕ್ಷಣ ಕಾಣುತ್ತಿಲ್ಲ, ಅದಕ್ಕೇ ಈಗಲೇ ಕೂತೆ. ಫೋನಿನಲ್ಲಾದರೆ ನೀನು ಮಧ್ಯದಲ್ಲೇ ನನ್ನ ಬಾಯಿ ಮುಚ್ಚಿಸುತ್ತೀಯ.

ಹೋದ ವಾರ ನನ್ನ ಮ್ಯಾಗ್ನೆಟಾರ್ ಸಿಡಿಯಿತು. ನನ್ನದು ಅಂದಿದ್ದಕ್ಕೆ ನಗಬೇಡ. ಒಂದು ಪಟ್ಟಣದಷ್ಟೇ ಅಗಲದ ಆ ಸತ್ತ ನಕ್ಷತ್ರ, ಊಹೆಗೂ ನಿಲುಕದ ಕಾಂತಬಲ ತುಂಬಿಕೊಂಡು ತನ್ನ ಪಾಡಿಗೆ ಸುತ್ತುತ್ತಿತ್ತು. ಸಂಶೋಧನೆಗೆ ಸೇರಿದಾಗಿನಿಂದ ಅದು ಒಮ್ಮೆಯಾದರೂ ಮಿಸುಕಲಿ ಎಂದು ಕಾದವಳು ನಾನು. ಸಿಡಿದ ಮೊದಲ ದಿನಗಳಲ್ಲಿ ಮಾತ್ರ ಅದರ ಮೈಮೇಲಿನ ಬಿಸಿ ಮಚ್ಚೆ ಕ್ಷ-ಕಿರಣದಲ್ಲಿ ಜೋರಾಗಿ ಹೊಳೆಯುತ್ತದೆ, ಆಮೇಲೆ ಮಂಕಾಗುತ್ತದೆ. ಆ ಕಿರಣವನ್ನು ನಮ್ಮ ಗಾಳಿಯೇ ನುಂಗಿಬಿಡುತ್ತದೆ. ಬಾಹ್ಯಾಕಾಶದಲ್ಲಿ ಸುತ್ತುವ ದೂರದರ್ಶಕವನ್ನೇ ಅತ್ತ ತಿರುಗಿಸಬೇಕು. ನಿನಗೆ ಗೊತ್ತಿರುವುದನ್ನೇ ಹೇಳುತ್ತಿದ್ದೇನೆ, ಏಕೆಂದರೆ ಅದನ್ನು ಎತ್ತ ತಿರುಗಿಸಬೇಕೆಂದು ತೀರ್ಮಾನಿಸುವ ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂತ ನೀನು ಎಲ್ಲ ಮರೆತವಳ ಹಾಗೆ ನಡೆದುಕೊಂಡೆ.

ನಾನು ತುರ್ತು ಅರ್ಜಿ ಹಾಕಿದೆ. ಕೈಯಲ್ಲಿದ್ದ ಚಹಾ ಆರುವ ಮೊದಲೇ ನಿನ್ನ ಉತ್ತರ ಬಂತು. ಬೇರೆಯವರ ವೀಕ್ಷಣೆ ನಿಲ್ಲಿಸುವಷ್ಟು ಮಹತ್ವದ್ದಲ್ಲ, ಆಗುವುದಿಲ್ಲ ಅಂತ.

ಮನೆಯವರ ಅರ್ಜಿ ಬಂದರೆ ಅದನ್ನು ಮುಟ್ಟದೆ ಉಪಮುಖ್ಯಸ್ಥರಿಗೆ ದಾಟಿಸಬೇಕು. ಆ ನಿಯಮ ತಂದವಳೇ ನೀನು! ಆದರೂ ದಾಟಿಸಲಿಲ್ಲ. ದಾಟಿಸಿದ್ದರೆ ಅವರು ಒಪ್ಪಿಬಿಡುತ್ತಿದ್ದರು, ಮಗಳು ಅಂತ ಕೊಟ್ಟರು ಎಂದು ಯಾರಾದರೂ ಆಡಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬೀಳಬಾರದೆಂದು ನೀನು ನನ್ನ ಕತ್ತು ಕೊಯ್ದೆ. ನಮ್ಮ ವಿಭಾಗದಲ್ಲಿ ನಿನ್ನನ್ನು ಕತ್ತರಿ ಮೇಡಂ ಅಂತ ಸುಮ್ಮನೆ ಕರೆಯುತ್ತಾರಾ? ಉಪಮುಖ್ಯಸ್ಥರು ಫೋನ್ ಮಾಡಿ, ನಿಮ್ಮಮ್ಮ ಮಗಳು ಅಂತಾನೂ ನೋಡ್ಲಿಲ್ಲ ಕಣಮ್ಮ, ಎಂಥಾ ಮನುಷ್ಯೆ ಅಂತ ಹೊಗಳಿದರು. ನನಗೆ ಮೈಯೆಲ್ಲ ಉರಿಯಿತು. ಮಗಳು ಅಂತ ನೋಡಿದ್ದಕ್ಕೇ ತಾನೇ ಇಷ್ಟೆಲ್ಲ ಆಗಿದ್ದು?

ಚಿಕ್ಕಂದಿನಲ್ಲೂ ಹೀಗೇ. ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಿನ್ನನ್ನು ತೀರ್ಪು ಕೊಡಲು ಕರೆಸಿದ್ದರು. ಎಲ್ಲ ಮಕ್ಕಳ ಬೆನ್ನು ತಟ್ಟುತ್ತ ಬಂದವಳು ನನ್ನ ಮೇಜಿನ ಮುಂದೆ ನಿಂತು, ಅಂಟು ಇನ್ನೂ ಒಣಗಿಲ್ಲ ಅಂದೆ, ಅಷ್ಟೇ. ಚೆನ್ನಾಗಿ ಮಾಡಿದ್ದೀಯ ಅಂತ ಒಂದೇ ಒಂದು ಸಲ ನಿನ್ನ ಬಾಯಿಂದ ಕೇಳಬೇಕೆಂದೇ ನಾನು ಈ ಓದನ್ನೆಲ್ಲ ಓದಿದ್ದು. ಈ ವಯಸ್ಸಿನಲ್ಲಿ ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ನಿನಗೆ ಗೊತ್ತಿರಲಿ.

ಭಾನುವಾರ ಮನೆಗೆ ಬರುವುದಿಲ್ಲ. ನನಗೆ ತಟ್ಟೆ ಇಡಬೇಡ. ಅಪ್ಪನಿಗೆ ಇದನ್ನು ಓದಿ ಹೇಳಿದರೂ ಸರಿ, ಬಿಟ್ಟರೂ ಸರಿ.

ಇಂತಿ,
ನಿನ್ನ ಮಗಳು (ಅದೇ ತಪ್ಪಾಯಿತಲ್ಲ)

ತಾ.ಕ.: ಮೊನ್ನೆ ಅದೇ ನಕ್ಷತ್ರ ಮತ್ತೆ ಸಿಡಿದಾಗ ಇಲ್ಲಿಂದ ಇನ್ನೊಬ್ಬ ಹುಡುಗಿಯ ಅರ್ಜಿ ಬಂತಲ್ಲ, ನೆನಪಿದೆಯಾ? ಅವಳು ನನ್ನ ಪಕ್ಕದ ಮೇಜಿನ ಗೆಳತಿ. ಅರ್ಜಿ ನನ್ನದೇ, ನಾನೇ ಅವಳ ಹೆಸರಲ್ಲಿ ಹಾಕಿಸಿದ್ದು, ಹೆಸರು ಬಿಟ್ಟರೆ ಒಂದಕ್ಷರವೂ ಬದಲಾಗಿಲ್ಲ. ನೀನು ತಕ್ಷಣ ದೂರದರ್ಶಕ ತಿರುಗಿಸಿದೆ. ಬಿಸಿ ಮಚ್ಚೆ ಅಚ್ಚುಕಟ್ಟಾಗಿ ಸಿಕ್ಕಿದೆ. ಇನ್ನು ಆ ನಕ್ಷತ್ರ ಲೋಕಕ್ಕೆಲ್ಲ ಅವಳದೇ. ಒಪ್ಪಿಗೆಯ ಕೊನೆಯಲ್ಲಿ ನೀನು ಬರೆದಿದ್ದನ್ನು ಅವಳು ನನಗೆ ಓದಿ ಹೇಳಿದಳು. ತುಂಬಾ ಚೆನ್ನಾಗಿ ಯೋಚಿಸಿದ್ದೀಯಮ್ಮ, ನಿನ್ನನ್ನು ಹೆತ್ತ ತಾಯಿ ಪುಣ್ಯವಂತೆ ಅಂತ. ಇನ್ನೊಂದು ಸಲ ಓದು ಅಂತ ಅವಳನ್ನು ಕೇಳಿಕೊಂಡೆ.