ಕತ್ತಿ ನನ್ನ ಚೀಲದಲ್ಲಿದೆ

ಬಟ್ಯಾ,

ಕಳ್ಳು ಇಳಿಸುವ ಕತ್ತಿ ಹುಡುಕಿ ಮನೆ ತಲೆಕೆಳಗೆ ಮಾಡಬೇಡ. ಅದನ್ನು ಚೀಲದಲ್ಲಿ ಹಾಕಿಕೊಂಡೇ ಸೀತಾಂಗೋಳಿಗೆ ಕೆಲಸಕ್ಕೆ ಹೋಗುತ್ತಿದ್ದೇನೆ. ಪಕ್ಕದ ಮನೆಯ ಲತೀಶನ ಕತ್ತಿಯೂ ನಿನಗೆ ಸಿಗುವುದಿಲ್ಲ, ಅವನಿಗೆ ಹೇಳಿಟ್ಟಿದ್ದೇನೆ.

ಗಂಜಿ ಒಲೆಯ ಮೇಲಿದೆ. ಉಂಡ ಮೇಲೆ ಬಿಳಿ ಮಾತ್ರೆ ನುಂಗು. ಅದು ರಕ್ತ ತೆಳು ಮಾಡುವುದು. ಕೈ ಕೊಯ್ದುಕೊಂಡರೆ ರಕ್ತ ಬೇಗ ನಿಲ್ಲುವುದಿಲ್ಲ, ನೆನಪಿರಲಿ.

“ನೋಡಕ್ಕಾ, ಹೊಟ್ಟೆ ಬೆನ್ನಿಗೆ ಅಂಟಿಕೊಂಡುಂಟು. ಕೊಬ್ಬು ಎಲ್ಲಿ ಉಂಟು?” ಎಂದು ನೀನು ನಿನ್ನೆ ನಗಾಡಿದೆ. ಮೊನ್ನೆ ಮಂಗಳೂರಿನ ಡಾಕ್ಟರ ಹತ್ತಿರ ನಾನೂ ಅದನ್ನೇ ಕೇಳಿ ಜಗಳಾಡಿದ್ದು. ಇಪ್ಪತ್ತೈದು ವರ್ಷ ತೆಂಗಿನ ಮರ ಹತ್ತಿ ಕಳ್ಳು ಇಳಿಸಿದವನಿಗೆ ಎಲ್ಲಿಯ ಕೊಬ್ಬು? ಅವರು ನಿನ್ನ ಹೃದಯದ ಸ್ಕ್ಯಾನ್ ತೋರಿಸಿದರು. ಹೊರಗೆ ಸಪೂರ ಇದ್ದವರಿಗೂ ಹೃದಯದ ಸುತ್ತ ಕೊಬ್ಬು ಕೂರುತ್ತದಂತೆ. ಅದು ಹೃದಯದ ಗೋಡೆಯೊಳಗೆ ಇಳಿದರೆ ಬಡಿತ ತಪ್ಪುತ್ತದಂತೆ. ಮರದ ತುದಿಯಲ್ಲಿ ಹಾಗಾಗಿ ತಲೆ ತಿರುಗಿದರೆ ಹಿಡಿಯುವವರು ಯಾರು?

ಹೊಟ್ಟೆಯ ಕೊಬ್ಬಾಗಿದ್ದರೆ ನಿನ್ನ ಬಟ್ಟಲಿನ ಅನ್ನ ಕಡಿಮೆ ಮಾಡಿ, ಬೈದು ಇಳಿಸುತ್ತಿದ್ದೆ. ಅಲ್ಲಿಗೆ ನನ್ನ ಕೈಯೂ ತಲುಪುವುದಿಲ್ಲ, ಬಾಯಿಯೂ ತಲುಪುವುದಿಲ್ಲ.

ಮರದ ಮೇಲೆ ಕಟ್ಟಿದ ಕಳ್ಳಿನ ಮಡಕೆ ತುಂಬಿ ಚೆಲ್ಲುತ್ತಿದೆ ಎಂದು ನೀನು ಚಡಪಡಿಸುವುದು ನನಗೆ ಗೊತ್ತು. ಬೆಳಗ್ಗೆ ಸೀರೆ ಸಿಕ್ಕಿಸಿಕೊಂಡು ನಾನೇ ಹತ್ತಲು ನೋಡಿದೆ. ನೀನು ಮರಕ್ಕೆ ತೆಂಗಿನ ಸಿಪ್ಪೆ ಕಟ್ಟಿ ಮಾಡಿದ ಮೂರನೇ ಮೆಟ್ಟಿಲಲ್ಲೇ ಮರ ತಬ್ಬಿಕೊಂಡು ನಿಂತೆ. ಇಳಿದುಬಿಟ್ಟೆ. ಯಾರಿಗೂ ಹೇಳಬೇಡ.

ಕಳ್ಳು ಚೆಲ್ಲಿ ಹೋಗಲಿ. ಸಂಜೆ ನಾನು ಬರುವಾಗ ನೀನು ಜಗಲಿಯಲ್ಲಿ ಕೂತಿರಬೇಕು.

ಅಕ್ಕ