ಬಣ್ಣದ ಕೆಳಗಿನ ನಂಬರು

ಮನೆಯ ಹಿಂದಿನ ಶೆಡ್ಡು,
ಭಾನುವಾರ, ಮಾರ್ಚ್ ೧೪

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟನೋವು ಈಗಲೂ ಕಾಡುತ್ತಿದೆಯಾ? ತಣ್ಣನೆಯ ನೆಲದ ಮೇಲೆ ಬೆನ್ನು ಹಾಕಿ ಗಾಡಿಯಡಿ ಮಲಗುವಾಗ ಕೆಳಗೊಂದು ಗೋಣಿಚೀಲವನ್ನಾದರೂ ಹಾಸಿಕೋ ಎಂದು ಎಷ್ಟು ಸಲ ಬಾಯಿ ಬಡಿದುಕೊಂಡಿದ್ದೇನೋ. ಈಗ ಹಾಗೆ ಹೇಳುವವರು ಯಾರಾದರೂ ಇದ್ದಾರಾ? ಮದುವೆಯಾಯಿತಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ, ಅದೂ ಕೈ ತೊಳೆದುಕೊಂಡು? ಅಮ್ಮ ನಿನಗೆ ಕರಿಗೈ ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಈ ಮನೆಯ ಸ್ವಿಚ್ಚುಗಳ ಸುತ್ತ ನಿನ್ನ ಗ್ರೀಸಿನ ಬೆರಳುಗಳು ಈಗಲೂ ಇವೆ. ನೀನು ಹೋದ ಈ ಹನ್ನೊಂದು ವರ್ಷಗಳಲ್ಲಿ ಎರಡು ಸಲ ಗೋಡೆಗೆ ಬಣ್ಣ ಹೊಡೆಸಿದೆವು. ಎರಡು ಸಲವೂ ಅಪ್ಪ ಪಕ್ಕದಲ್ಲೇ ನಿಂತು, ಸ್ವಿಚ್ಚಿನ ಸುತ್ತ ಮುಟ್ಟಬೇಡಿ ಎಂದು ಪೇಂಟರಿಗೆ ಹೇಳಿದರು.

ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ ಎಂದುಕೋ. ನಿನ್ನ ವಿಳಾಸ ನನ್ನ ಬಳಿ ಇಲ್ಲ. ಬಿಡಿಭಾಗದ ಅಂಗಡಿಯ ಮುದುಕರಿಗೆ ಮಾತ್ರ ಗೊತ್ತು. ಅದನ್ನು ನಮಗೆ ಕೊಡಕೂಡದೆಂದು ನೀನು ಮಾತು ತೆಗೆದುಕೊಂಡಿದ್ದೀಯಂತೆ, ಅವರು ಜಪ್ಪಯ್ಯ ಎಂದರೂ ಬಾಯಿ ಬಿಡುವುದಿಲ್ಲ. ಜನವರಿಯಲ್ಲಿ ಅಪ್ಪ ಹೋದ ಸುದ್ದಿಯನ್ನು ಅವರ ಮೂಲಕವೇ ಮುಟ್ಟಿಸಿದ್ದೆ. ನೀನು ಬರಲಿಲ್ಲ. ಬರಬೇಕಿತ್ತು ಎಂದು ಹೇಳಲು ನನಗೆ ಬಾಯಿಲ್ಲ. ಈ ಕಾಗದವನ್ನೂ ಅವರ ಕೈಗೇ ಕೊಡುತ್ತೇನೆ, ಹರಿಯದೆ ಓದು ಎಂದು ಕೇಳಿಕೊಳ್ಳುತ್ತೇನೆ. ಅಪ್ಪ ನಿನಗೆ ಹೇಳೆಂದು ಒಂದು ಮಾತು ಬಿಟ್ಟುಹೋಗಿದ್ದಾರೆ. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ಕಾರಿನ ಸುದ್ದಿ.

ಅದು ಮನೆಗೆ ಬಂದ ದಿನ ನೆನಪಿದೆಯಲ್ಲ? ಫ್ರಿಜ್ಜು ತರುತ್ತೇನೆಂದು ಬೆಳಿಗ್ಗೆ ಹೊರಟ ಅಪ್ಪ, ತಮ್ಮ ಕನ್ನಡಕದ ಅಂಗಡಿಯ ಗಿರಾಕಿಯೊಬ್ಬರ ಹಿತ್ತಲಲ್ಲಿ ಕೋಳಿ ಮೊಟ್ಟೆಯಿಟ್ಟಿದ್ದ ಈ ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರನ್ನು ನೋಡಿ ಮರುಳಾಗಿ, ಸಂಜೆಗೆ ಹಗ್ಗ ಕಟ್ಟಿ ಎಳೆಸಿಕೊಂಡು ಬಂದಿದ್ದರು. ಹಸಿರು ಬಣ್ಣ, ಕಡ್ಡಿ ಕಡ್ಡಿಯ ಚಕ್ರ, ಹರಿದ ಕ್ಯಾನ್ವಾಸಿನ ಚಾವಣಿ. ಅಮ್ಮ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ ಮಾತು: "ನಾಲ್ಕು ಜನರ ಮನೆಗೆ ಎರಡು ಸೀಟಿನ ಕಾರು. ಉಳಿದಿಬ್ಬರು ಏನು, ಹಿಂದೆ ಓಡಿಕೊಂಡು ಬರೋದಾ?" ಅವತ್ತಿನಿಂದ ಅದಕ್ಕೆ ಸವತಿ ಎಂದೇ ಹೆಸರು. ಆದರೂ ಸವತಿಯ ಸೀಟಿನ ಹೊಲಿಗೆ ಬಿಟ್ಟಾಗ ದಬ್ಬಣ ಹಿಡಿದು ಕೂತವಳು ಅಮ್ಮನೇ. ಬಾನೆಟ್ ತೆರೆದರೆ ಅಪ್ಪನಿಗೆ ಗೊತ್ತಿದ್ದದ್ದು ನೀರು ಹಾಕುವ ಜಾಗ ಮಾತ್ರ. ಉಳಿದದ್ದೆಲ್ಲ ನಿನ್ನ ಪಾಲಿಗೆ ಬಂತು. ಗಾಳಿ ಎಳೆದುಕೊಳ್ಳುವ ಎರಡು ಕಾರ್ಬೊರೇಟರುಗಳ ಬಾಯಿಗೆ ರಬ್ಬರ್ ಕೊಳವೆ ಇಟ್ಟು, ಇನ್ನೊಂದು ತುದಿಯನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಸ್ಕ್ರೂ ತಿರುಗಿಸುತ್ತಿದ್ದೆ. "ಎರಡೂ ಒಂದೇ ಸಮ ಉಸಿರಾಡ್ಬೇಕು ಅಕ್ಕಾ" ಎನ್ನುತ್ತಿದ್ದೆ. ನನ್ನ ಕಿವಿಗೂ ಕೊಳವೆ ಹಿಡಿಸಿದ್ದೀಯ. ನನಗೆ ಎರಡೂ ಕಡೆ ಒಂದೇ ಬುಸಬುಸ. ನೀನು ನಗುತ್ತಿದ್ದೆ. ಅಮ್ಮ ಹೋದ ಮೇಲೆ ಈ ಮನೆಯಲ್ಲಿ ನಗು ಎಂದು ಕೇಳಿಸಿದ್ದರೆ ಅದು ಈ ಶೆಡ್ಡಿನಿಂದಲೇ.

ಇನ್ನು ಆ ದಿನದ ವಿಷಯ. ನಿನಗೆ ನೆನಪು ಮಾಡಿಕೊಡಬೇಕಾಗಿಲ್ಲ, ಆದರೆ ನನ್ನ ಕೈಯಿಂದಲೇ ಬರೆಯಬೇಕು. ನೀನು ಎಂಜಿನ್ ಇಳಿಸಿ, ಸವೆದ ಸಿಲಿಂಡರುಗಳನ್ನು ಕೊರೆದು ಬೋರ್ ಮಾಡಿಸಲು ಪಕ್ಕದೂರಿನ ವರ್ಕ್‌ಶಾಪಿಗೆ ಒಯ್ದೆ. ಮೂರು ವಾರದ ಮೇಲೆ ಹೊಸ ಬಣ್ಣ ಹೊಡೆಸಿಕೊಂಡು ಬಂತು. ಬೆಣ್ಣೆಯ ಹಾಗೆ ಓಡಿತು. ಇದು ನನ್ನ ಎಂಜಿನ್ನೇ ಅಲ್ಲವೇನೋ ಎಂದು ಅಪ್ಪ ಮೆಚ್ಚಿಕೆಯಿಂದ ಅಂದ ಮಾತು ನನ್ನ ತಲೆಯಲ್ಲಿ ಹುಳದ ಹಾಗೆ ಕೊರೆಯಿತು. ಇಂಥ ಕಾರುಗಳ ಮೂಲ ಎಂಜಿನ್ನಿಗೆ ಚಿನ್ನದ ಬೆಲೆ, ಕದ್ದು ಬದಲಾಯಿಸುವವರಿದ್ದಾರೆ ಎಂದು ಎಲ್ಲೋ ಕೇಳಿದ್ದೆ. ಅದೇ ವಾರ ನೀನು ಹೊಸ ಸ್ಪ್ಯಾನರ್ ಸೆಟ್ಟು ಕೊಂಡು ತಂದಿದ್ದೆ. ದುಡ್ಡೆಲ್ಲಿಂದ ಬಂತು ಎಂದರೆ ನಕ್ಕೆ. ಗಡಿಯಾರ ಮಾರಿ ಕೊಂಡಿದ್ದೆ, ಅದು ನಿನ್ನ ಕೈಯಲ್ಲಿ ಇಲ್ಲದ್ದನ್ನು ನಾನು ನೋಡಲಿಲ್ಲ. ನೀನು ಹೋದ ಮೇಲೆ ಅದರ ಖಾಲಿ ಡಬ್ಬಿ ಸಿಕ್ಕಾಗಲೂ, ಕಟ್ಟಿಕೊಂಡೇ ಹೋಗಿದ್ದಾನೆ ಎಂದು ನನಗೆ ಬೇಕಾದ ಹಾಗೇ ಅರ್ಥ ಮಾಡಿಕೊಂಡೆ.

ಔಷಧಿ ದಾಸ್ತಾನಿನಲ್ಲಿ ನನ್ನ ಕೆಲಸವೇ ಅದು. ಪೆಟ್ಟಿಗೆಯ ನಂಬರೂ ಕಾಗದದ ನಂಬರೂ ತಾಳೆಯಾಗದಿದ್ದರೆ ಪೆಟ್ಟಿಗೆ ಬಾಗಿಲು ದಾಟುವುದಿಲ್ಲ. ಇಪ್ಪತ್ತು ವರ್ಷದಲ್ಲಿ ಒಂದೂ ತಪ್ಪು ಮಾಡಿಲ್ಲ ಎಂಬ ಕೊಬ್ಬು. ಟಾರ್ಚು ಮತ್ತು ಅಪ್ಪನ ಅಂಗಡಿಯ ಕೈಗನ್ನಡಿ ಹಿಡಿದು, ಎಂಜಿನ್ನಿನ ಪಕ್ಕೆಯಲ್ಲಿ ಉಬ್ಬಿಕೊಂಡಿದ್ದ ದೊಡ್ಡ ಅಂಕಿಗಳನ್ನು ಗಟ್ಟಿಯಾಗಿ ಓದಿದೆ. ಅಪ್ಪ ನೋಂದಣಿ ಪುಸ್ತಕ ಹಿಡಿದು ನಿಂತಿದ್ದರು. ಒಂದಂಕಿಯೂ ಕೂಡಲಿಲ್ಲ. ಅಪ್ಪ ನಿನ್ನ ಮುಖ ನೋಡಿದರು. ನೀನು ನನ್ನ ಮುಖ ನೋಡಿದೆ. "ಇನ್ನೊಂದು ಸಲ ನೋಡಕ್ಕಾ, ಸರಿಯಾಗಿ ನೋಡು" ಎಂದೆ. "ನಂಬರ್ ಓದೋದು ನಂಗೆ ನೀನು ಹೇಳಿಕೊಡ್ಬೇಕಾ?" ಎಂದೆ ನಾನು. ಅಷ್ಟೇ. ನೀನು ಕೈ ಒರೆಸಿಕೊಂಡು, ಬಟ್ಟೆಯನ್ನು ಮಡಿಸಿ ಬಾನೆಟ್ಟಿನ ಮೇಲಿಟ್ಟು ಹೋದೆ. ಊಟಕ್ಕೆ ಬರುತ್ತೀಯ ಎಂದುಕೊಂಡಿದ್ದೆವು.

ಆಮೇಲೆ ಅಪ್ಪ ಒಂದು ದಿನವೂ ಅದರಲ್ಲಿ ಕೂರಲಿಲ್ಲ. ಬೇರೆ ಮೆಕ್ಯಾನಿಕ್ಕುಗಳಿಗೆ ಮುಟ್ಟಲೂ ಬಿಡಲಿಲ್ಲ. ಭಾನುವಾರ ಭಾನುವಾರ ಚೋಕ್ ಎಳೆದು ಸ್ಟಾರ್ಟ್ ಮಾಡುವುದು, ಕೆಳಗಿಟ್ಟ ಹಳೇ ತಟ್ಟೆಗೆ ಸೋರಿದ ಆಯಿಲ್ ಚೆಲ್ಲುವುದು, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸುವುದು ನನ್ನ ಪಾಲಿಗೆ ಬಂತು. ನಿನ್ನನ್ನು ನೋಡಿ ಕಲಿತದ್ದೇ ಅಷ್ಟು. ಅಪ್ಪ ಹಾಸಿಗೆ ಹಿಡಿದ ಮೇಲೆ ದಿನಾ ಸ್ಟಾರ್ಟ್ ಮಾಡು ಎಂದರು. ಮಂಚವನ್ನು ಶೆಡ್ಡಿನ ಕಡೆಯ ಕಿಟಕಿಗೆ ಹಾಕಿಸಿಕೊಂಡರು. ನಾನು ಒಳಗೆ ಬಂದರೆ, "ಎರಡೂ ಸಮ ಉಸಿರಾಡ್ತಿಲ್ಲ. ಅವನ ಕಿವಿ ಬೇಕು" ಎನ್ನುತ್ತಿದ್ದರು. ಹನ್ನೊಂದು ವರ್ಷದಲ್ಲಿ ನಿನ್ನ ಸುದ್ದಿ ಅವರ ಬಾಯಲ್ಲಿ ಬಂದದ್ದು ಆಗಲೇ ಮೊದಲು. ಕಾರಿಗೆ ಬೆಲೆ ಕಟ್ಟಿಸು, ಮಾರು, ಅರ್ಧ ಅವನಿಗೆ ಮುಟ್ಟಿಸು ಎಂದೂ ಅವರೇ ಹೇಳಿದರು. ನಾನು ಹೂಂ ಎಂದೆ.

ಹೋದ ತಿಂಗಳು ಬೆಲೆ ಕಟ್ಟುವವರು ಬಂದರು. ಹಳೇ ಕಾರುಗಳನ್ನು ನೋಡುವುದೇ ಕಸುಬಾದ ಮನುಷ್ಯ, ಮಂಡಿಗೆ ಇಟ್ಟುಕೊಳ್ಳಲು ಸ್ವಂತ ದಿಂಬು ತಂದಿದ್ದರು. ಬಟ್ಟೆ ಸುತ್ತಿದ ಅಯಸ್ಕಾಂತವನ್ನು ಬಾಗಿಲಿನಿಂದ ಬಾಗಿಲಿಗೆ ಜಾರಿಸುತ್ತಾ ಹೋದರು. ಪುಟ್ಟಿ ಮೆತ್ತಿದ ಜಾಗದಲ್ಲಿ ಅದು ಅಂಟುವುದಿಲ್ಲವಂತೆ. ಒಂದು ಕಡೆಯೂ ಜಾರಿ ಬೀಳಲಿಲ್ಲ. ಬಾಗಿಲ ಕೆಳಗಿನ ತಗಡು ಸ್ವಲ್ಪ ತುಕ್ಕು ತಿಂದಿದೆ, ಚಾವಣಿ ಹೊಸದು ಬೇಕು, ಉಳಿದಂತೆ ಯಾರೋ ಮಗುವಿನ ಹಾಗೆ ನೋಡಿಕೊಂಡಿದ್ದಾರೆ ಎಂದರು. ನಾನೇ ಮುಂದಾಗಿ, ಎಂಜಿನ್ ಮೂಲದ್ದಲ್ಲ, ಮೋಸ ಮಾಡಿ ಮಾರುವುದು ಬೇಡ, ಹಾಗೆಂದು ಬರೆದುಕೊಳ್ಳಿ ಎಂದೆ. ನೋಡು ನನ್ನ ಪ್ರಾಮಾಣಿಕತೆ. ಯಾರು ಹೇಳಿದ್ದು ಎಂದು ಕೇಳಿದರು. ನಾನೇ ನಂಬರ್ ನೋಡಿದ್ದೇನೆ ಎಂದು ಆ ಉಬ್ಬಿದ ಅಂಕಿಗಳನ್ನು ತೋರಿಸಿದೆ. ಅವರು ನಕ್ಕುಬಿಟ್ಟರು. ಅದು ಎರಕದ ಅಚ್ಚಿನ ನಂಬರಂತೆ. ಆ ಅಚ್ಚಿನಲ್ಲಿ ಹೊಯ್ದ ಎಲ್ಲ ಎಂಜಿನ್ನಿಗೂ ಅದೇ ಇರುತ್ತದಂತೆ. ಸೀಸೆಯ ತಳದ ಗಾಜಿನ ನಂಬರ್ ಓದಿ ಔಷಧಿ ಬೇರೆ ಎಂದ ಹಾಗಾಯಿತು ನನ್ನ ಕಥೆ.

ಆಮೇಲೆ ಅರಳೆಗೆ ಥಿನ್ನರ್ ಹಾಕಿ, ಎಂಜಿನ್ನಿನ ಮೇಲ್ಭಾಗದ ಒಂದು ಮೂಲೆಯನ್ನು ಮೆಲ್ಲಗೆ ಉಜ್ಜಿದರು. ವರ್ಕ್‌ಶಾಪಿನವರು ಹೊಡೆದ ಬಣ್ಣ ಎದ್ದು ಬಂತು. ಕೆಳಗೆ ಬೆರಳಗಲದ ತಗಡು, ಎರಡು ರಿವೆಟ್ಟು. ಅವರು ಒಂದೊಂದೇ ಅಂಕಿ ಓದಿದರು, ನಾನು ಪುಸ್ತಕ ಹಿಡಿದಿದ್ದೆ. ಎಲ್ಲವೂ ಕೂಡಿದವು. "ಹುಟ್ಟಿದಾಗಿಂದ ಇದೇ ಎಂಜಿನ್ನು ಕಣಮ್ಮಾ. ಒಳ್ಳೇ ಸುದ್ದಿ, ಬೆಲೆ ಒಂದೂವರೆಪಟ್ಟು ಆಗುತ್ತೆ" ಎಂದರು. ನಾನು ನೆಲದ ಮೇಲೆ ಕೂತುಬಿಟ್ಟೆ. ಸಂತೋಷಕ್ಕೆ ಎಂದುಕೊಂಡರೋ ಏನೋ, ನೀರು ತರಲು ಹೋದರು. ಬಾನೆಟ್ ಮುಚ್ಚುವಾಗ ಸದ್ದು ಮಾಡಬೇಡಿ ಎಂದೆ. ಮೆಲ್ಲಗೆ ಮುಚ್ಚಿದರು.

ತಮ್ಮಾ, ನಿನಗೆ ಆ ತಗಡು ಎಲ್ಲಿದೆ ಎಂದು ಗೊತ್ತಿತ್ತು. ಕೈಯಲ್ಲಿ ಬಟ್ಟೆಯೂ ಇತ್ತು. ಉಜ್ಜಿ ತೋರಿಸಿದ್ದರೆ ನಿಮಿಷದಲ್ಲಿ ಮುಗಿಯುತ್ತಿತ್ತು. ಹುಟ್ಟಿದ ಮನೆಯಲ್ಲಿ, ನಿನ್ನನ್ನು ಎತ್ತಿ ಆಡಿಸಿದವಳ ಮುಂದೆ, ಕಳ್ಳನಲ್ಲ ಎಂದು ರುಜುವಾತು ಕೊಡುವುದು ನಿನಗೆ ಬೇಕಿರಲಿಲ್ಲ. ನಾನೇ ನೋಡಬೇಕಿತ್ತು. ಇನ್ನೊಂದು ಸಲ ನೋಡಕ್ಕಾ ಎಂದೆಯಲ್ಲ, ಅದಕ್ಕಿಂತ ಹೆಚ್ಚು ಏನು ಹೇಳಬೇಕಿತ್ತು ನೀನು? ಕನ್ನಡಕದ ಅಂಗಡಿಯ ಮನೆ, ಎರಡೆರಡು ಜೋಡಿ ಕನ್ನಡಕ, ಒಬ್ಬರಿಗೂ ಕಣ್ಣು ಕಾಣಲಿಲ್ಲ. ಕ್ಷಮಿಸು ಎಂಬ ಪದ ಬರೆಯಲು ಮೂರು ಹಾಳೆ ಹರಿದೆ. ಅದು ಇದಕ್ಕೆ ಸಾಲುವುದಿಲ್ಲ.

ಕಾರು ಮಾರುವುದಿಲ್ಲ. ಅದು ನಿನ್ನದು. ಅರ್ಧವಲ್ಲ, ಪೂರ್ತಿ. ಪೆಟ್ರೋಲ್ ಹಳೆಯದಾಗದ ಹಾಗೆ ನೋಡಿಕೊಂಡಿದ್ದೇನೆ, ಬ್ಯಾಟರಿ ಹೊಸದು. ಬಾ, ತೆಗೆದುಕೊಂಡು ಹೋಗು. ನನ್ನ ಮುಖ ನೋಡಲು ಇಷ್ಟವಿಲ್ಲದಿದ್ದರೆ ಕೆಲಸದ ದಿನ ಹಗಲಲ್ಲಿ ಬಾ, ಬೀಗದಕೈ ಅಂಗಡಿಯ ಮುದುಕರ ಹತ್ತಿರ ಇರುತ್ತದೆ. ಇಷ್ಟವಿದ್ದರೆ ಭಾನುವಾರ ಬಾ.

ನಿನ್ನ ಕೈ ಗಟ್ಟಿಯಾಗಿರಲಿ, ಕಿವಿ ಚುರುಕಾಗಿರಲಿ. ಹೋದ ಕಡೆಯೆಲ್ಲ ನಿನ್ನ ಒಂದೇ ಮಾತನ್ನು ನಂಬುವ ಜನ ಸಿಗಲಿ.

ನಿನ್ನ
ಅಕ್ಕ

ತಾ. ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಬೆಲೆ ಕಟ್ಟುವವರು ಬಂದದ್ದು ಹೋದ ತಿಂಗಳಲ್ಲ, ಡಿಸೆಂಬರಿನಲ್ಲಿ. ಅಪ್ಪ ಹೋಗುವುದಕ್ಕೆ ಹತ್ತೊಂಬತ್ತು ದಿನ ಮೊದಲು. ಸದ್ದು ಮಾಡಬೇಡಿ ಎಂದದ್ದು ಕಿಟಕಿಯಾಚೆ ಅಪ್ಪ ಮಲಗಿದ್ದರು ಎಂದು. ಹತ್ತೊಂಬತ್ತು ದಿನ ಅವರಿಗೆ ಅನ್ನ ಕಲಸಿ ತಿನ್ನಿಸಿದೆ, ಮೈ ಒರೆಸಿದೆ, ಇದೊಂದನ್ನು ಹೇಳಲಿಲ್ಲ. ಆ ಜೀವಕ್ಕೆ ನೋವಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಅವರು ನನ್ನನ್ನು ನೋಡುವ ನೋಟ ಬದಲಾಗಬಾರದಿತ್ತು, ಅಷ್ಟೇ. ಕೊನೆಯ ದಿನ ನನ್ನ ಕೈ ಹಿಡಿದು ನಿನಗೆ ಹೇಳೆಂದ ಮಾತು ಇದು, ಒಂದಕ್ಷರ ಬಿಡದೆ ಬರೆಯುತ್ತಿದ್ದೇನೆ: "ಕದ್ದಿದ್ರೂ ಅವನು ನನ್ನ ಮಗನೇ. ಕ್ಷಮಿಸಿದ್ದೀನಿ ಅಂತ ಹೇಳು." ಆಯ್ತಪ್ಪಾ, ಹೇಳ್ತೀನಿ ಎಂದೆ. ಇಗೋ, ಹೇಳಿದ್ದೇನೆ.